ಒಂಬತ್ತು ತಿಂಗಳಾದರೂ ಕೂರುತ್ತಿಲ್ಲ: 29 ವಾರಕ್ಕೆ ಹುಟ್ಟಿದ ಮಗಳು

ಮಲ್ಲಿಗೆಮೊಗ್ಗು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಮಗಳು 29 ವಾರಕ್ಕೆ ಹುಟ್ಟಿದಳು. ತೂಕ 1,120 ಗ್ರಾಂ. ನನಗೆ ರಕ್ತದೊತ್ತಡ ಏರಿ ರಾತ್ರೋರಾತ್ರಿ ಸಿಸೇರಿಯನ್ ಮಾಡಿದರು. 52 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು, ಅದರಲ್ಲಿ ಒಂಬತ್ತು ದಿನ ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ನಳಿಗೆ. ತಲೆಯ ಸ್ಕ್ಯಾನಿನಲ್ಲಿ ಎರಡನೇ ದರ್ಜೆಯ ರಕ್ತಸ್ರಾವ ಎಂದಿದ್ದರು, ಆಮೇಲೆ ಕರಗಿದೆ ಎಂದರು. ಮನೆಗೆ ಬರುವಾಗ 1,750 ಗ್ರಾಂ ಇದ್ದಳು. ಅವಳನ್ನು ಎತ್ತಿಕೊಳ್ಳಲು ನನಗೇ ಹೆದರಿಕೆ. ಒಳಲೆಯಲ್ಲಿ ಹಾಲು ಹಾಕುವುದನ್ನು ಆಸ್ಪತ್ರೆಯವರಿಂದ ಕಲಿತು ಬಂದದ್ದು ನಾನಲ್ಲ, ನಮ್ಮ ಅತ್ತೆ.

ನಿನ್ನೆಗೆ ಒಂಬತ್ತು ತಿಂಗಳು ತುಂಬಿತು. ಎದುರುಮನೆಯ ಹುಡುಗ ಅದೇ ವಾರ ಹುಟ್ಟಿದವನು. ಅವನು ಚಾಪೆಯ ಮೇಲೆ ಕೂತು ಸೌಟು ಬಡಿಯುತ್ತಾನೆ. ಇವಳನ್ನು ಕೂರಿಸಿದರೆ ಬಿಲ್ಲಿನ ಹಾಗೆ ಬಾಗಿ ಹಿಂದಕ್ಕೆ ಬೀಳುತ್ತಾಳೆ. ಆದರೆ ಅಪ್ಪನ ಬೈಕಿನ ಸದ್ದು ಗೊತ್ತು, ಕೇಳಿದೊಡನೆ ಬಾಗಿಲ ಕಡೆ ನೋಡಿ ನಗುತ್ತಾಳೆ. ಕಾಲಿನಲ್ಲಿ ಮಾತ್ರ ಎಲ್ಲಿಲ್ಲದ ಕಸುವು. ಕಂಕುಳಿಗೆ ಕೈ ಹಾಕಿ ನಿಲ್ಲಿಸಿದರೆ ಕಡ್ಡಿಯಂತೆ ತುದಿಗಾಲಲ್ಲಿ ನಿಲ್ಲುತ್ತಾಳೆ. ಡಯಾಪರ್ ಹಾಕಲು ಕಾಲು ಬಿಡಿಸಬೇಕಾದರೆ ಇಬ್ಬರು ಬೇಕು. "ಕೂರುವುದೆಲ್ಲ ಯಾಕೆ, ನೇರವಾಗಿ ನಡೆದೇ ಬಿಡುತ್ತಾಳೆ" ಎಂದು ಅತ್ತೆ ನಗುತ್ತಾರೆ.

ನನಗೆ ನಗು ಬರುವುದಿಲ್ಲ. 26 ವಾರದ ಹೆರಿಗೆ ರಜೆಯಲ್ಲಿ ಏಳೂವರೆ ವಾರ ಆಸ್ಪತ್ರೆಯ ಕಾರಿಡಾರಿನಲ್ಲೇ ಕಳೆಯಿತು. ಈಗ ಕಚೇರಿಯಲ್ಲಿ ಕೂತು ಬೆಳವಣಿಗೆಯ ಪಟ್ಟಿಗಳನ್ನು ನೋಡಿ ಅಳುತ್ತೇನೆ. ಯಾವಾಗ ಕೂರುತ್ತಾಳೆ? ಇಂಥ ಮಕ್ಕಳ ತಾಯಂದಿರು ಇದ್ದರೆ ಹೇಳಿ.

ಅವಳಿಅಪ್ಪ, ಬೆಂಗಳೂರು

ತಂಗಿ, ಮೊದಲು ಆ ಪಟ್ಟಿಗಳನ್ನು ಮುಚ್ಚಿಡಿ. ನೀವು ತಪ್ಪು ತಾರೀಖಿನಿಂದ ಎಣಿಸುತ್ತಿದ್ದೀರಿ. ತುಂಬು ಬಸಿರು ಎಂದರೆ 40 ವಾರ. ನಿಮ್ಮ ಮಗಳು 11 ವಾರ ಮುಂಚೆ ಬಂದಳು, ಅಂದರೆ ಸುಮಾರು ಎರಡೂವರೆ ತಿಂಗಳು. ಒಂಬತ್ತರಲ್ಲಿ ಅದನ್ನು ಕಳೆಯಿರಿ: ಆರೂವರೆ ತಿಂಗಳು. ವೈದ್ಯರು ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತಾರೆ, ಎರಡು ವರ್ಷ ತುಂಬುವವರೆಗೆ ಹೀಗೆಯೇ ಲೆಕ್ಕ ಹಾಕುವುದು ವಾಡಿಕೆ. ಆಧಾರವಿಲ್ಲದೆ ಕೂರುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಅವಧಿ 3.8ರಿಂದ 9.2 ತಿಂಗಳು. ಎದುರುಮನೆಯ ಹುಡುಗ ನಿಮ್ಮ ಮಗಳಿಗಿಂತ ಎರಡೂವರೆ ತಿಂಗಳು ದೊಡ್ಡವನು ಎಂದುಕೊಳ್ಳಿ, ಸೌಟು ಬಡಿಯಲಿ ಬಿಡಿ.

ನಮ್ಮ ಅವಳಿಗಳು 30 ವಾರದವರು. ಒಬ್ಬಳು ಸರಿಪಡಿಸಿದ ಏಳು ತಿಂಗಳಿಗೆ ಕೂತಳು, ಇನ್ನೊಬ್ಬಳು ಒಂಬತ್ತಕ್ಕೆ.

ಎರಡು ವರ್ಷವಾದ ಮೇಲೆ ಈ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ, ಶಾಲೆಗೆ ಸೇರಿಸುವಾಗ ಮತ್ತೆ ಎದ್ದು ಕೂತಿತು. ಇಬ್ಬರೂ ಹುಟ್ಟಿದ್ದು ಮೇ 20ರಂದು, ಹುಟ್ಟಬೇಕಿದ್ದದ್ದು ಜುಲೈ ಕೊನೆಗೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ವಯಸ್ಸು ನೋಡುವುದು ಜೂನ್ 1ಕ್ಕೆ. ಹೊತ್ತಿಗೆ ಸರಿಯಾಗಿ ಹುಟ್ಟಿದ್ದರೆ ಮುಂದಿನ ವರ್ಷದ ಮಕ್ಕಳ ಜೊತೆ ಹೋಗಬೇಕಾದವರು ಹತ್ತು ವಾರದ ಆತುರಕ್ಕೆ ಇಡೀ ಒಂದು ವರ್ಷ ಹಿರಿಯರಾಗಿಬಿಟ್ಟರು! ನಾವು ಒಂದು ವರ್ಷ ತಡೆದು ಸೇರಿಸಿದೆವು. "ಮಕ್ಕಳ ಒಂದು ವರ್ಷ ಹಾಳು ಮಾಡಿದ" ಎಂದು ಬೀಗರು ಇನ್ನೂ ಅನ್ನುತ್ತಾರೆ. ಅನ್ನಲಿ.

ಹೊಸಿಲಾಚೆ, ಹುಬ್ಬಳ್ಳಿ

ಚಿಂತೆ ಬಿಡಿ ಅಕ್ಕ. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಿಮ್ಮದು ಏಳರ ಮಗುವೇ. ನನ್ನ ಅಣ್ಣನ ಮಗ ಒಂದೂವರೆ ವರ್ಷಕ್ಕೆ ಹೊಸಿಲು ದಾಟಿದ, ಈಗ ಫುಟ್‌ಬಾಲ್ ಆಡುತ್ತಾನೆ. ಕಾಲು ಅಷ್ಟು ಗಟ್ಟಿಯಿದ್ದರೆ ಒಂದು ವಾಕರ್ ತಂದುಬಿಡಿ, ಮನೆಯೆಲ್ಲ ಓಡಾಡುತ್ತಾಳೆ.

ಹಳೆಯದಾದಿ, ಹಾಸನ

ಹೊಸಿಲಾಚೆಯವರೇ, ಪ್ರೀತಿಯಿಂದ ಹೇಳುತ್ತೇನೆ: ವಾಕರ್ ಬೇಡ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ. ಬಿದ್ದು ತಲೆ ಒಡೆದುಕೊಳ್ಳುವುದು ಒಂದಾದರೆ, ತುದಿಗಾಲಿನ ಮಗುವಿಗೆ ಇನ್ನಷ್ಟು ತುದಿಗಾಲು ಕಲಿಸುವುದು ಇನ್ನೊಂದು. ಇನ್ನು ಏಳು, ಎಂಟರ ಮಾತು. 31 ವರ್ಷ ನವಜಾತ ಶಿಶುಗಳ ನಡುವೆ ಕೆಲಸ ಮಾಡಿ ನಿವೃತ್ತಳಾದವಳು ನಾನು. ಎಂಟರ ಮಗು ಏಳರ ಮಗುವಿಗಿಂತ ಗಟ್ಟಿ. ಒಂದೊಂದು ವಾರ ಹೆಚ್ಚಿದಂತೆ ಶ್ವಾಸಕೋಶ, ಕರುಳು, ಮೆದುಳು ಎಲ್ಲವೂ ಮಾಗುತ್ತವೆ. ಹಳೆಯ ಕಾಲದಲ್ಲಿ ದಿನ ಎಣಿಸುವುದೇ ಅಂದಾಜಿನ ಮೇಲಿತ್ತು. ಸತ್ತ ಮಗುವನ್ನು ಎಂಟರ ಲೆಕ್ಕಕ್ಕೆ, ಉಳಿದದ್ದನ್ನು ಏಳರ ಲೆಕ್ಕಕ್ಕೆ ಬರೆದುಕೊಂಡರು ಎಂದು ನನ್ನ ಗುಮಾನಿ.

ಮಲ್ಲಿಗೆಮೊಗ್ಗು ಮಗಳೇ, ಅವಳಿಗಳ ಅಪ್ಪ ಹೇಳಿದ ಲೆಕ್ಕ ಸರಿ. ಆದರೆ ಎಲ್ಲಕ್ಕೂ ಅದೇ ಲೆಕ್ಕವಲ್ಲ. ಲಸಿಕೆ ಹುಟ್ಟಿದ ದಿನದಿಂದಲೇ. "ಇನ್ನೂ ಚಿಕ್ಕದು, ತಡೆದು ಹಾಕಿಸೋಣ" ಎಂದು ಎರಡು ತಿಂಗಳು ಮುಂದೂಡಿದ ಮನೆಗಳನ್ನು ಕಂಡಿದ್ದೇನೆ. ಸೋಂಕಿಗೆ ಸುಲಭವಾಗಿ ಸಿಗುವ ಮಕ್ಕಳೇ ಇವು. ಕಣ್ಣಿನದೂ ಹಾಗೆಯೇ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿನ ರೆಟಿನಾವನ್ನು, ಅಂದರೆ ಕಣ್ಣಿನ ಹಿಂಭಾಗದ ಪರದೆಯನ್ನು, ಹುಟ್ಟಿದ 30 ದಿನದೊಳಗೆ ನೋಡಿಸಬೇಕು. ತೀರ ಚಿಕ್ಕವಾದರೆ ಇನ್ನೂ ಬೇಗ. ಅಕಾಲಿಕವಾಗಿ ಹುಟ್ಟಿದ ಮಕ್ಕಳ ಕಣ್ಣಿನಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕೀಳಬಹುದು; ಹೊತ್ತಿಗೆ ಲೇಸರ್ ಅಥವಾ ಇಂಜೆಕ್ಷನ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಕಣ್ಣು ಫಳಫಳ ಹೊಳೆಯುತ್ತಲೇ ಇರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಇಂಥ ಮಕ್ಕಳ ಕಣ್ಣು ನೋಡುವ ಯೋಜನೆ ಕಿಡ್‌ರಾಪ್ ಶುರುಮಾಡಿದ ಮೇಲೆ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಚಿತ್ರ ತೆಗೆದು ಕಳಿಸುವಂತಾಯಿತು. ಅದಕ್ಕೆ ಮುಂಚೆ ನನ್ನ ವಾರ್ಡಿನಿಂದ ಹೋದ ಎರಡು ಮಕ್ಕಳು ಕುರುಡಾದ ಸುದ್ದಿ ವರ್ಷದ ಮೇಲೆ ಬಂತು. ಅವರ ಮುಖ ಇನ್ನೂ ನೆನಪಿದೆ. ಮಗಳ ಕಣ್ಣು ನೋಡಿಸಿದ್ದೀರಾ?

ಕೂರುವುದು ತಡವಾಗುವುದಕ್ಕೆ ಇನ್ನೊಂದು ಕಾರಣ. ತುಂಬು ತಿಂಗಳ ಕೂಸು ಕೊನೆಯ ವಾರಗಳಲ್ಲಿ ಜಾಗ ಸಾಲದೆ ಮುದುಡಿಕೊಂಡು ಇರುತ್ತದೆ. ಮೈ ಮುಂದಕ್ಕೆ ಮಡಚುವ ಸ್ನಾಯುಗಳಿಗೆ ಅದೇ ಗರಡಿಮನೆ. ನಿಮ್ಮ ಮಗಳು ಆ ವಾರಗಳನ್ನು ಹಾಸಿಗೆಯ ಮೇಲೆ ಕಪ್ಪೆಯಂತೆ ಕೈಕಾಲು ಚೆಲ್ಲಿ ಕಳೆದಳು. ಅದಕ್ಕೇ ನಾವು ಹಳೆಯ ಹತ್ತಿ ಬಟ್ಟೆ ಸುರುಳಿ ಸುತ್ತಿ ಸುತ್ತಲೂ ಗೂಡು ಮಾಡುತ್ತಿದ್ದೆವು. ದಿನಕ್ಕೆ ನಾಲ್ಕಾರು ಸಲ, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೆ ಬೋರಲು ಮಲಗಿಸಿ ಆಡಿಸಿ. ಸಾಂಬ್ರಾಣಿ ಹೊಗೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ, ಸಿಪ್ಯಾಪ್ ಕಂಡ ಶ್ವಾಸಕೋಶಕ್ಕೆ ಅದು ಸಲ್ಲದು.

ಮಲ್ಲಿಗೆಮೊಗ್ಗು, ದಾವಣಗೆರೆ

ಅಮ್ಮಾ, ಕಣ್ಣನ್ನು 24ನೇ ದಿನಕ್ಕೆ ನೋಡಿದ್ದರು, ಆಮೇಲೆ ನಾಲ್ಕು ಸಲ. ತೊಂದರೆ ಇಲ್ಲ ಎಂದರು. ಲಸಿಕೆ ಎಲ್ಲವೂ ಆಗಿದೆ. ಅವಳಿಅಪ್ಪ ಅಣ್ಣನ ಲೆಕ್ಕ ಓದಿ ಎಷ್ಟೋ ದಿನಗಳ ಮೇಲೆ ಊಟ ಸೇರಿತು. ಆರೂವರೆ ತಿಂಗಳು! ಹಾಗಾದರೆ ಇನ್ನೂ ಕಾಲವಿದೆ. ಎಲ್ಲರಿಗೂ ಧನ್ಯವಾದ.

ಕಾಫಿತೋಟ, ಸೋಮವಾರಪೇಟೆ

ಧನ್ಯವಾದ ಹೇಳಿ ಹೊರಡಬೇಡಿ, ಒಂದು ನಿಮಿಷ ನಿಲ್ಲಿ.

ನಿಮ್ಮ ಮೊದಲ ಬರಹವನ್ನು ಮೂರು ಸಲ ಓದಿದೆ. ಕೂರದಿರುವುದು ನನಗೂ ಚಿಂತೆಯ ವಿಷಯ ಎನ್ನಿಸಲಿಲ್ಲ. ಆದರೆ ನೀವು ಮೆಚ್ಚುಗೆಯ ಮಾತೆಂಬಂತೆ ಬರೆದ ಒಂದು ಸಾಲಿದೆ: ತುದಿಗಾಲು, ಡಯಾಪರ್ ಹಾಕಲು ಇಬ್ಬರು, ಹಿಂದಕ್ಕೆ ಬಿಲ್ಲು. ಈ ಮೂರೂ ಒಟ್ಟಿಗೆ ಬಂದರೆ ಅದು ಕಸುವು ಎಂದುಕೊಳ್ಳಬೇಡಿ. ಬಿಗಿತವಿರಬಹುದು.

ನನ್ನ ಮಗ 27 ವಾರದವನು, 940 ಗ್ರಾಂ. ಅವನ ಕಾಲೂ ಹೀಗೆಯೇ ಇತ್ತು. ನಮ್ಮ ಮಾವನವರು "ಪೈಲ್ವಾನ್" ಎಂದು ಕರೆಯುತ್ತಿದ್ದರು, ಬಂದವರ ಮುಂದೆಲ್ಲ ನಿಲ್ಲಿಸಿ ತೋರಿಸುತ್ತಿದ್ದರು. ನಾನು ತೋರಿಸಿದ ವೈದ್ಯರೊಬ್ಬರು "ಸರಿಪಡಿಸಿದ ವಯಸ್ಸು ನೋಡಬೇಕಮ್ಮ, ಕಾಯಿರಿ" ಎಂದರು. ಕಾದೆವು. ಸರಿಪಡಿಸಿದ ಎಂಟು ತಿಂಗಳಿನಿಂದ ಹದಿನಾರರವರೆಗೆ ಕಾದೆವು. ಆಮೇಲೆ ಬೇರೆ ಊರಿನಲ್ಲಿ ಒಬ್ಬರು ಅವನ ಎರಡು ತೊಡೆಗಳನ್ನು ಮೆಲ್ಲಗೆ ಅಗಲಿಸಿ ನೋಡಿ, ಪಾದವನ್ನು ಮೇಲಕ್ಕೆ ಮಡಚಿ ನೋಡಿ, ಐದು ನಿಮಿಷದಲ್ಲಿ ಸೆರೆಬ್ರಲ್ ಪಾಲ್ಸಿ ಎಂದರು, ಅಂದರೆ ಮೆದುಳಿಗೆ ಬಿದ್ದ ಪೆಟ್ಟಿನಿಂದ ಸ್ನಾಯುಗಳ ಹತೋಟಿ ತಪ್ಪುವುದು. ಈಗ ಏಳು ವರ್ಷ. ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿಕೊಂಡು ನಡೆಯುತ್ತಾನೆ, ಎರಡನೇ ತರಗತಿ, ಬಾಯಿ ಮಾತ್ರ ವಕೀಲರದು. ಬೇಗ ಗೊತ್ತಾಗಿದ್ದರೆ ಗುಣವಾಗುತ್ತಿತ್ತು ಎನ್ನುವುದಿಲ್ಲ, ಅದು ಸುಳ್ಳು. ಆದರೆ ಆ ಎಂಟು ತಿಂಗಳಲ್ಲಿ ಸ್ನಾಯು ಎಷ್ಟು ಕುಗ್ಗಿತೋ ಅಷ್ಟನ್ನು ಎಳೆದು ಬಿಡಿಸಲು ಅವನು ಎಷ್ಟೋ ಹೆಚ್ಚು ಅತ್ತ.

ನಿಮ್ಮ ಮಗಳಿಗೂ ಅದೇ ಎಂದು ಹೇಳುತ್ತಿಲ್ಲ. ನೋಡಿಸಿ, ಅಷ್ಟೆ. ಈ ವಾರವೇ.

ಹೊಸಿಲಾಚೆ, ಹುಬ್ಬಳ್ಳಿ

ಇದು ಅತಿಯಾಯಿತು. ಈಗಷ್ಟೇ ಒಂದು ತುತ್ತು ನೆಮ್ಮದಿಯಿಂದ ಉಂಡ ತಾಯಿಗೆ ದೊಡ್ಡ ಕಾಯಿಲೆಯ ಹೆಸರು ಹೇಳಿ ಹೆದರಿಸುವುದೇ? ಅಂತರ್ಜಾಲದಲ್ಲಿ ರೋಗ ಪತ್ತೆ ಮಾಡಬಾರದು.

ಕಾಫಿತೋಟ, ಸೋಮವಾರಪೇಟೆ

ಪತ್ತೆ ಮಾಡಬಾರದು ಎನ್ನುವುದು ಸರಿ. "ಏನೂ ಇಲ್ಲ, ವಾಕರ್ ತನ್ನಿ" ಎನ್ನುವುದೂ ಅಂತರ್ಜಾಲದ ರೋಗ ಪತ್ತೆಯೇ ಅಲ್ಲವೇ ಅಣ್ಣ?

ಬೇಗ ಹುಟ್ಟಿದ ಮಕ್ಕಳಲ್ಲಿ ಕಾಲೇ ಯಾಕೆ ಎಂದು ನಾನೂ ಕೇಳಿದ್ದೆ. ಆ ವೈದ್ಯರು ರಸೀದಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಮೆದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ಮೇಲಿನಿಂದ ಇಳಿದು ಬರುವ ನರದ ಎಳೆಗಳಲ್ಲಿ ಕಾಲಿಗೆ ಹೋಗುವವು ಆ ಕೋಣೆಯ ಗೋಡೆಗೆ ಒರಗಿಕೊಂಡೇ ಹೋಗುತ್ತವೆ. ಕೈಯವು ಸ್ವಲ್ಪ ಆಚೆ, ಮುಖದವು ಇನ್ನೂ ಆಚೆ. 32 ವಾರಕ್ಕೆ ಮೊದಲು ಆ ಗೋಡೆಯ ಆಸುಪಾಸು ಬಹಳ ನಾಜೂಕು, ರಕ್ತದ ಹರಿವು ಏರುಪೇರಾದರೆ ಪೆಟ್ಟು ಬೀಳುವುದು ಅಲ್ಲೇ. ಅದಕ್ಕೇ ನನ್ನ ಮಗ ಇಷ್ಟು ಮಾತಾಡುತ್ತಾನೆ, ಕೈಯಲ್ಲಿ ಚೆನ್ನಾಗಿ ಬರೆಯುತ್ತಾನೆ, ಕಾಲು ಮಾತ್ರ ಕೇಳುವುದಿಲ್ಲ. ಆ ರಸೀದಿ ಇನ್ನೂ ನನ್ನ ಬಳಿ ಇದೆ.

ಹಳೆಯದಾದಿ, ಹಾಸನ

ಕಾಫಿತೋಟದವರು ಹೇಳಿದ್ದು ಸರಿ. ನನಗೆ ನಾಚಿಕೆಯಾಗುತ್ತಿದೆ: ತುದಿಗಾಲು ಎಂದು ವಾಕರ್ ಬೇಡವೆಂದವಳು ನಾನೇ, ಡಯಾಪರ್ ಸಾಲನ್ನು ಓದಿಯೂ ದಾಟಿ ಹೋದೆ. ನಿವೃತ್ತಿಯಾದರೆ ಕಣ್ಣಿಗೂ ನಿವೃತ್ತಿ.

ಮಗಳೇ, ಹೆದರಬೇಡ. ಎರಡನೇ ದರ್ಜೆಯ ರಕ್ತಸ್ರಾವವಾದ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ, ಭಯವಿರುವುದು ಮೂರು, ನಾಲ್ಕನೇ ದರ್ಜೆಯಲ್ಲಿ. ಬೇಗ ಹುಟ್ಟಿದ ಮಕ್ಕಳಲ್ಲಿ ಮೊದಲ ವರ್ಷ ಬಿಗಿತ ಕಾಣಿಸಿಕೊಂಡು ಒಂದೂವರೆ ವರ್ಷದೊಳಗೆ ತಾನಾಗಿ ಸಡಿಲವಾಗುವುದೂ ಉಂಟು. ಇದು ಅದೋ, ಮತ್ತೊಂದೋ ಎಂದು ಕೈಯಿಟ್ಟು ನೋಡಿದವರೇ ಹೇಳಬೇಕು. ಮನೆಯಲ್ಲಿ ಇಷ್ಟು ಗಮನಿಸು: ಮುಷ್ಟಿ ಯಾವಾಗಲೂ ಬಿಗಿದಿರುತ್ತದೆಯೇ? ಆಟಿಕೆಗೆ ಒಂದೇ ಕೈ ಚಾಚುತ್ತಾಳೆಯೇ? ನಿದ್ದೆಯಲ್ಲಿ ಕಾಲು ಸಡಿಲವಾಗುತ್ತದೆಯೇ? ಅವಳು ಆಡುವುದನ್ನು, ಡಯಾಪರ್ ಬದಲಿಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಇಟ್ಟುಕೋ. ವೈದ್ಯರ ಮುಂದೆ ಮಕ್ಕಳು ಅಳುವುದೇ ಹೆಚ್ಚು, ಆಗ ಎಲ್ಲ ಸ್ನಾಯುವೂ ಬಿಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದ ಮೇಲೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರಗಳಾಗಿವೆ, ಬೆಳವಣಿಗೆ ನೋಡುವುದಕ್ಕೂ ಫಿಸಿಯೋಥೆರಪಿಗೂ ಹಣ ಕೇಳುವುದಿಲ್ಲ. ಬಿಡುಗಡೆ ಪತ್ರ, ತಲೆಯ ಸ್ಕ್ಯಾನಿನ ವರದಿ ಮರೆಯಬೇಡ.

ಮಳೆಊರು, ಮ್ಯಾಂಚೆಸ್ಟರ್

ಇಲ್ಲಿ ಕಾಯಬೇಕೋ ಬೇಡವೋ ಎಂಬ ಚರ್ಚೆಯೇ ತಾಯಿಯ ಪಾಲಿಗೆ ಬರುವುದಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಸೂಚನೆಯಂತೆ 30 ವಾರಕ್ಕೆ ಮೊದಲು ಹುಟ್ಟಿದ ಮಗುವನ್ನು ಸರಿಪಡಿಸಿದ ವಯಸ್ಸಿನ ಮೂರರಿಂದ ಐದು ತಿಂಗಳ ನಡುವೆ, ಒಂದು ವರ್ಷದೊಳಗೆ, ಮತ್ತೆ ಎರಡು ವರ್ಷಕ್ಕೆ ಕರೆದು ನೋಡಬೇಕು. 28ಕ್ಕೂ ಮೊದಲು ಹುಟ್ಟಿದವರನ್ನು ನಾಲ್ಕನೇ ವರ್ಷದಲ್ಲೂ. ನನ್ನ ಮಗನಿಗೆ ಕಾಗದ ಮನೆಗೇ ಬರುತ್ತಿತ್ತು. ಇದನ್ನು ಹೆಮ್ಮೆಗೆ ಬರೆಯುತ್ತಿಲ್ಲ. ಬಾಣಂತನಕ್ಕೆ ಅಮ್ಮನೂ ಇಲ್ಲದೆ, ಒಂದು ಬಟ್ಟಲು ಸಾರು ಮಾಡಿಕೊಡುವವರಿಲ್ಲದೆ ಆ ಕಾಗದಗಳನ್ನು ಹಿಡಿದು ಒಬ್ಬಳೇ ಬಸ್ಸಿನಲ್ಲಿ ಓಡಾಡಿದ್ದೇನೆ. ನಿಮ್ಮ ಅತ್ತೆ ಒಳಲೆ ಕಲಿತರು ಎಂದು ಓದಿ ಹೊಟ್ಟೆಕಿಚ್ಚಾಯಿತು. ನಿಮಗೆ ಯಾರೂ ಕಾಗದ ಕಳಿಸದಿದ್ದರೆ ಆ ತಾರೀಖುಗಳನ್ನು ನೀವೇ ಕ್ಯಾಲೆಂಡರಿನಲ್ಲಿ ಬರೆದುಕೊಂಡು ಹೋಗಿ.

ಕಿವಿಮಾತು, ಮೈಸೂರು

ಕಿವಿಯ ಪರೀಕ್ಷೆ ಬಗ್ಗೆ ಯಾರೂ ಹೇಳಲಿಲ್ಲ. ಬೈಕಿನ ಸದ್ದಿಗೆ ತಿರುಗುತ್ತಾಳೆ ಎಂದರೆ ಸಾಲದು, ಅದು ದಪ್ಪ ಸದ್ದು; ಮಾತು ಕಲಿಯಲು ಸ, ಶ, ಫ ಅಂಥ ತೆಳು ಸದ್ದುಗಳೂ ಕೇಳಬೇಕು. ಎನ್‌ಐಸಿಯುವಿನಲ್ಲಿ ಅಷ್ಟು ದಿನ ಇದ್ದ ಮಗುವಿಗೆ ಬೆರಾ ಪರೀಕ್ಷೆ ಮಾಡಿಸಿ. ಕಿವಿಯಿಂದ ಮೆದುಳಿನವರೆಗಿನ ದಾರಿಯನ್ನು ನೋಡುವುದು ಅದೇ. ಕಿವಿಯೊಳಗೆ ಮಾತ್ರ ನೋಡುವ ಓಎಇ ಪರೀಕ್ಷೆ ಇಂಥ ಮಕ್ಕಳಿಗೆ ಸಾಲದು. ಇಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತದೆ, ನಿಮ್ಮ ಊರಿನಲ್ಲೇ ಆದರೆ ಇನ್ನೂ ಒಳ್ಳೆಯದು. ಮಗು ನಿದ್ದೆಯಲ್ಲಿರಬೇಕು, ಹಾಗಾಗಿ ಹಸಿವು ನಿದ್ದೆ ಎರಡನ್ನೂ ಹೊತ್ತುಕೊಂಡು ಹೋಗಿ.

ಬಲ್ಬುಕೋಣೆ, ಶಿವಮೊಗ್ಗ

ನಾನೇ 31 ವಾರದ ಮಗು. 1993. ಒಂದು ಕಿಲೋ ನಾನೂರು ಗ್ರಾಂ. ಊರಿನಲ್ಲಿ ಆಸ್ಪತ್ರೆ ಎಂದರೆ ಎರಡು ಕೋಣೆ. ಅಜ್ಜಿ ಬತ್ತಿ ಹೊಸೆಯುವ ಹತ್ತಿಯನ್ನೆಲ್ಲ ನನ್ನ ಮೈಗೆ ಸುತ್ತಿ, ಮೇಲೆ ಬಲ್ಬು ಉರಿಸಿ, ಕರೆಂಟು ಹೋದಾಗಲೆಲ್ಲ ನನ್ನನ್ನು ತನ್ನ ಎದೆಗೆ ಕಟ್ಟಿಕೊಂಡು ಸೀರೆ ಸೆರಗು ಹೊದ್ದು ಕೂರುತ್ತಿದ್ದಳಂತೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಇರುತ್ತಿದ್ದದ್ದೇ ಕಡಿಮೆ, ಹಾಗಾಗಿ ನಾನು ಬೆಳೆದದ್ದು ಅವಳ ಎದೆಯ ಮೇಲೆಯೇ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಡಾ. ಎಡ್ಗರ್ ರೇ ತಾಯಂದಿರ ಎದೆಗೇ ಮಕ್ಕಳನ್ನು ಕಟ್ಟಿಸಿದರು, ಅದನ್ನೇ ಈಗ ಕಾಂಗರೂ ಆರೈಕೆ ಎನ್ನುತ್ತಾರೆ ಎಂದು ಮೊನ್ನೆ ಮೊನ್ನೆ ಓದಿದೆ. ಅಜ್ಜಿಗೆ ಹೇಳೋಣವೆಂದರೆ ಅವಳಿಲ್ಲ.

ನನ್ನ ಬಾಲ್ಯದ ಗೋಳು ಗಣಿತ. ಮಗ್ಗಿ ಬಾಯಿಪಾಠ ಬರುತ್ತಿತ್ತು, ಆದರೆ ಒಂದು ಲೆಕ್ಕದಲ್ಲಿ ಮೂರು ಹೆಜ್ಜೆಗಳಿದ್ದರೆ ಎರಡನೆಯದರಲ್ಲೇ ಕಳೆದುಹೋಗುತ್ತಿದ್ದೆ. ಮೇಷ್ಟ್ರು ಸೋಮಾರಿ ಎಂದರು, ಅಪ್ಪ ನಂಬಿದರು. ಬಹಳ ಬೇಗ ಹುಟ್ಟಿದ ಮಕ್ಕಳಲ್ಲಿ ಗಮನ ಮತ್ತು ಗಣಿತದ ತೊಡಕು ಉಳಿದವರಿಗಿಂತ ಹೆಚ್ಚು ಎಂದು ಅನೇಕ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ ಎಂಬುದು ನನಗೆ ತಿಳಿದದ್ದು ಮೂವತ್ತರ ಹತ್ತಿರ, ನನ್ನ ರಕ್ತದೊತ್ತಡ ಸ್ವಲ್ಪ ಹೆಚ್ಚಿದೆ ಎಂದ ವೈದ್ಯರು "ನೀವು ಎಷ್ಟು ತಿಂಗಳಿಗೆ ಹುಟ್ಟಿದ್ದು?" ಎಂದು ಕೇಳಿದಾಗ. ಬೇಗ ಹುಟ್ಟುವುದಕ್ಕೂ ರಕ್ತದೊತ್ತಡಕ್ಕೂ ನಂಟಿದೆಯಂತೆ. ಈಗ ಮುದ್ರಣಾಲಯ ನಡೆಸುತ್ತೇನೆ, ಲೆಕ್ಕಪತ್ರ ಹೆಂಡತಿಯದು.

ಮಲ್ಲಿಗೆಮೊಗ್ಗು, ದಾವಣಗೆರೆ (ಹದಿನೈದು ದಿನಗಳ ನಂತರ)

ಹೋಗಿ ಬಂದೆವು. ಕಾಫಿತೋಟ ಅಕ್ಕ, ಆ ದಿನ ನಿಮ್ಮ ಬರಹ ಓದಿ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು. ಕ್ಷಮಿಸಿ.

ವೈದ್ಯೆ ಮೊದಲು ಮೊಬೈಲಿನ ಚಿತ್ರೀಕರಣವನ್ನೇ ನೋಡಿದರು, ಹಳೆಯದಾದಿ ಅಮ್ಮನ ಉಪಾಯ ಫಲಿಸಿತು. ತೊಡೆ ಅಗಲಿಸಿ ಕೋನ ಅಳೆದರು, ಪಾದ ಮಡಚಿದರು, ಕೈಗೆ ಒಂದು ಕೆಂಪು ಬಳೆ ಕೊಟ್ಟರು. ಎರಡೂ ಕೈ ಚಾಚಿದಳು, ಬಳೆಯನ್ನು ಈ ಕೈಯಿಂದ ಆ ಕೈಗೆ ದಾಟಿಸಿದಳು. ಅದು ಒಳ್ಳೆಯ ಲಕ್ಷಣವಂತೆ. ಕಾಲಿನಲ್ಲಿ ಬಿಗಿತ ಇದೆ, ಎಡಕ್ಕಿಂತ ಬಲಕ್ಕೆ ಸ್ವಲ್ಪ ಹೆಚ್ಚು. ಇದಕ್ಕೆ ಈಗಲೇ ಹೆಸರಿಡುವುದಿಲ್ಲ, ಆದರೆ ಹೆಸರಿಗಾಗಿ ಕಾಯುವುದೂ ಇಲ್ಲ ಎಂದರು. ವಾರಕ್ಕೆ ಎರಡು ದಿನ ಫಿಸಿಯೋಥೆರಪಿ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಬೆರಾ ಮುಂದಿನ ಗುರುವಾರ.

ನಿಲ್ಲಿಸಿ ತೋರಿಸುವ ಆಟ ಬಂದ್ ಎಂದಾಗ ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ಆ ಫಿಸಿಯೋಥೆರಪಿಯ ಹುಡುಗಿ ಮಗುವನ್ನು ಹೇಗೆ ಎತ್ತಿಕೊಳ್ಳಬೇಕು ಎಂದು ತೋರಿಸಿದಳು: ಸೊಂಟದ ಮೇಲೆ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ, ತೊಡೆ ಅಗಲವಾಗಿ ಬಿಚ್ಚಿಕೊಳ್ಳುವ ಹಾಗೆ. ನಾನು ಇಷ್ಟು ದಿನ ಅವಳನ್ನು ಎರಡು ಕೈಯಲ್ಲಿ ಅಡ್ಡಡ್ಡ ಹಿಡಿದು, ಗಾಜಿನ ಸಾಮಾನಿನ ಹಾಗೆ ಓಡಾಡುತ್ತಿದ್ದೆ. ಅತ್ತೆ ಎದ್ದು ಬಂದು, "ಇದನ್ನು ಹೇಳಿಕೊಡುವುದಕ್ಕೆ ಆಸ್ಪತ್ರೆಗೆ ಬರಬೇಕಿತ್ತೇ? ನಾಲ್ಕು ಮಕ್ಕಳನ್ನು ಹೀಗೇ ಹೊತ್ತು ನೀರು ಸೇದಿದ್ದೇನೆ" ಎಂದು ಮಗುವನ್ನು ಕಸಿದುಕೊಂಡು ಸೊಂಟಕ್ಕೆ ಏರಿಸಿದರು. ಬಸ್ ನಿಲ್ದಾಣದವರೆಗೂ ಇಳಿಸಲಿಲ್ಲ.

ಮನೆಗೆ ಬಂದ ಮೇಲೆ ಅಡುಗೆಮನೆಯ ಕ್ಯಾಲೆಂಡರ್ ತೆಗೆಸಿ, ಹುಟ್ಟಬೇಕಿದ್ದ ದಿನ ಯಾವುದು ಎಂದು ನನ್ನನ್ನೇ ಕೇಳಿದರು. ಹೇಳಿದೆ. ಅದರ ಮೇಲೆ ಅರಿಶಿನದ ಬೊಟ್ಟು ಇಟ್ಟಿದ್ದಾರೆ. ಎದುರುಮನೆಯವರು ನಿನ್ನೆ ಬಂದು "ಇನ್ನೂ ಕೂತಿಲ್ಲವಾ?" ಎಂದಾಗ, "ನಿಮ್ಮವನು ಎರಡೂವರೆ ತಿಂಗಳು ದೊಡ್ಡವನಲ್ಲವೇ" ಎಂದರು. ಅವರಿಗೆ ಏನೂ ಅರ್ಥವಾಗಲಿಲ್ಲ.

ಕಾಫಿತೋಟ, ಸೋಮವಾರಪೇಟೆ

ಸಿಟ್ಟು ಬಂದದ್ದೇ ಒಳ್ಳೆಯದಾಯಿತು ಬಿಡಿ. ವ್ಯಾಯಾಮ ಮಾಡಿಸುವಾಗ ಅಳುತ್ತಾಳೆಯೇ? ನಮ್ಮವನಿಗೆ ಬಿಸಿನೀರಿನ ಸ್ನಾನವಾದ ಕೂಡಲೇ ಮಾಡಿಸಿದರೆ ಕಾಲು ಸಡಿಲ ಇರುತ್ತಿತ್ತು. ಫಿಸಿಯೋ ಅವರನ್ನು ಒಮ್ಮೆ ಕೇಳಿ ನೋಡಿ.

ಮಲ್ಲಿಗೆಮೊಗ್ಗು, ದಾವಣಗೆರೆ

ಅಳುತ್ತಾಳೆ ಅಕ್ಕ. ಅತ್ತೆ ಮಾಡಿಸಿದರೆ ಕಡಿಮೆ. ನಾಳೆ ಸ್ನಾನದ ಮೇಲೆ ಮಾಡಿಸಿ ಹೇಳುತ್ತೇನೆ.